ಮುಚ್ಚಿಟ್ಟ ಸೂಜಿ, ಉಳಿದ ಎಡಗಾಲು

ಈರುಳ್ಳಿ ಚೀಲ ಎತ್ತುವಾಗ ಸೊಂಟ ಹಿಡಿದಿದ್ದರೆ ಅದನ್ನು ಯಾರೂ ಕಾಯಿಲೆ ಅನ್ನುತ್ತಿರಲಿಲ್ಲ, ನಾನೂ ಅನ್ನುತ್ತಿರಲಿಲ್ಲ. ನನಗೆ ನೋವು ಕಾಣಿಸಿಕೊಂಡದ್ದು ಬೆಳಿಗ್ಗೆ ಪ್ಯಾಂಟಿಗೆ ಕಾಲು ತೂರಿಸುವಾಗ. ಬಲಗಾಲು ಎತ್ತಿದೆ, ತೊಡೆಸಂದಿಯ ಒಳಗೆ ಯಾರೋ ತಿರುಪು ಬಿಗಿದ ಹಾಗಾಯಿತು. ಗೋಡೆ ಹಿಡಿದು ನಿಂತೆ. ಅಡುಗೆಮನೆಯಿಂದ ಹೆಂಡತಿ ರಾಜಮ್ಮಣ್ಣಿ, "ಏನ್ರೀ ಅದು ಸದ್ದು?" ಅಂದಳು.

"ಏನೂ ಇಲ್ಲ ಕಣಮ್ಮಿ, ಕಾಲು ಜಾರ್ತು."

ಹೀಗೆ "ಏನೂ ಇಲ್ಲ" ಅನ್ನುತ್ತಲೇ ಹದಿನಾಲ್ಕು ತಿಂಗಳು ತಳ್ಳಿದೆ. ನಾನು ಇದನ್ನು ಬರೆಯುತ್ತಿರುವುದು ಆ ಹದಿನಾಲ್ಕು ತಿಂಗಳ ಸಲುವಾಗಿ. ನನ್ನ ಹಾಗೆ ಮೈಯನ್ನೇ ನಂಬಿ ಬದುಕಿದವರು ಇನ್ನೂ ಎಲ್ಲೆಲ್ಲಿ ಗೋಡೆ ಹಿಡಿದು ನಿಂತಿದ್ದಾರೋ ಗೊತ್ತಿಲ್ಲ. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕಾಗುಣಿತವನ್ನು ಮಗಳು ಸಿಂಧು ತಿದ್ದಿದ್ದಾಳೆ. ಸಂಗತಿಯನ್ನು ತಿದ್ದಲು ಬಿಟ್ಟಿಲ್ಲ.

ನಮ್ಮೂರು ಚಾಮರಾಜನಗರದ ಹತ್ತಿರ ಉಡಿಗಾಲ. ಹದಿನಾರನೇ ವಯಸ್ಸಿಗೆ ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಗೆ ಲೋಡಿಂಗ್ ಕೆಲಸಕ್ಕೆ ಸೇರಿದೆ. ಈರುಳ್ಳಿ, ಟೊಮೇಟೊ ತುಂಬಿದ ಲಾರಿಯಲ್ಲಿ ಕಾಡು ದಾಟಿ ಕೇರಳಕ್ಕೆ ಹೋಗುವುದು, ಇಳಿಸುವುದು, ಬರುವುದು. ಲೋಡು ಇಳಿಸಿದ ಮೇಲೆ ಅಲ್ಲಿನ ಹಮಾಲಿಗಳು ಕೊಯ್ಲಾದ ಗದ್ದೆಯಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಒಂದು ದಿನ ಆಳು ಸಾಲದೆ ನನ್ನನ್ನೂ ಕರೆದರು. ನನಗೆ ಆಟದ ಗಂಧವೂ ಗೊತ್ತಿರಲಿಲ್ಲ. ಆದರೆ ಚೀಲ ಹೊತ್ತು ಗಟ್ಟಿಯಾದ ಮೈ. ಯಾರು ಬಂದು ಗುದ್ದಿದರೂ ನಾನು ಬೀಳುತ್ತಿರಲಿಲ್ಲ, ಗುದ್ದಿದವನೇ ಬೀಳುತ್ತಿದ್ದ. ಆ ಗುಂಪಿನಲ್ಲಿದ್ದ ಹಂಸ ಅನ್ನುವ ಹುಡುಗ ನನಗೆ ಆಟ ಕಲಿಸಿದ. ಎರಡೇ ವರ್ಷಕ್ಕೆ ಇಬ್ಬರೂ ಸೆವೆನ್ಸ್ ಟೂರ್ನಮೆಂಟುಗಳಿಗೆ ಇಳಿದೆವು.

ಸೆವೆನ್ಸ್ ಅಂದರೆ ತಂಡಕ್ಕೆ ಏಳು ಜನ. ಬಿದಿರಿನ ಗ್ಯಾಲರಿ ಕಟ್ಟಿ, ಟಿಕೆಟ್ ಇಟ್ಟು ಆಡಿಸುತ್ತಾರೆ. ಹೊರಗಿನ ಆಟಗಾರರನ್ನು ಪಂದ್ಯಕ್ಕಿಷ್ಟು ಅಂತ ಮಾತಾಡಿ ಕರೆಸುತ್ತಾರೆ. ಹನ್ನೆರಡು ಸೀಸನ್ ನಾನು ಹಾಗೆ ದುಡ್ಡಿಗೆ ಆಡಿದೆ. ಗೋಲ್‌ಕೀಪರಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವುದು ನನ್ನ ಕೆಲಸ. ಮೈಕಿನವನು "ಗುಂಡ್ಲುಪೇಟ್ಟ ಮಾದೇವನ್" ಅನ್ನುತ್ತಿದ್ದ. ಈರುಳ್ಳಿ ಲಾರಿಯಲ್ಲಿ ಬರುವವನೆಂದು ಗ್ಯಾಲರಿಯವರು "ಉಳ್ಳೀ, ಉಳ್ಳೀ" ಎಂದು ಕೂಗುತ್ತಿದ್ದರು; ಅವರ ಭಾಷೆಯಲ್ಲಿ ಉಳ್ಳಿ ಅಂದರೆ ಈರುಳ್ಳಿ. ನಮ್ಮ ಕಡೆ ನನ್ನನ್ನು ಯಾರೂ ಹಾಗೆ ಕೂಗಿ ಕರೆದದ್ದಿಲ್ಲ. ಗುಂಡ್ಲುಪೇಟೆಯಲ್ಲಿ ನಾನು ಚೀಲ ಹೊರುವವನು, ಕಾಡು ದಾಟಿದರೆ ಆಟಗಾರ.

ನೋವಾದರೆ ಸೂಜಿ ಇತ್ತು. ತಂಡದ ಜೊತೆ ಒಬ್ಬ ಮನುಷ್ಯ ಬ್ಯಾಗು ಹಿಡಿದು ತಿರುಗುತ್ತಿದ್ದ. ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ. ಎಲ್ಲರೂ ಅವನನ್ನು ವೈದ್ಯರು ಅನ್ನುತ್ತಿದ್ದರು. ಮಂಡಿ ಊದಿರಲಿ, ಹಿಮ್ಮಡಿ ಉಳುಕಿರಲಿ, ಪಂದ್ಯಕ್ಕೆ ಮೊದಲು ಒಂದು ಸೂಜಿ ಚುಚ್ಚಿದರೆ ಕಾಲು ಹೊಸದಾಗುತ್ತಿತ್ತು. ಯಾವ ಸೂಜಿ ಅಂತ ನಾನು ಕೇಳಲಿಲ್ಲ. ಕೇಳಿದವನನ್ನು ಪುಕ್ಕಲ ಅನ್ನುತ್ತಿದ್ದರು.

ಸಿಂಧು ಹುಟ್ಟಿದ ವರ್ಷ ಹುಬ್ಬಿನ ಮೇಲೆ ಐದು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದೆ. ರಾಜಮ್ಮಣ್ಣಿ ಅಳಲಿಲ್ಲ. ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿ, "ಲಿಂಗ ಮುಟ್ಟಿ ಮಾತು ಕೊಡಿ, ಇನ್ನ ಆಡಕ್ಕ ಓಗಲ್ಲ ಅಂತ" ಅಂದಳು. ಕೊರಳಲ್ಲಿದ್ದ ಲಿಂಗ ಮುಟ್ಟಿ ಮಾತು ಕೊಟ್ಟೆ.

ಆಮೇಲೂ ನಾಲ್ಕು ಸೀಸನ್ ಆಡಿದೆ. "ಲೋಡು ಅದ, ಬರದು ಎರಡು ದಿನ ಆಯ್ತದ" ಅಂತ ಹೇಳಿ ಹೋಗುತ್ತಿದ್ದೆ. ವ್ಯಾಪಾರದಲ್ಲಿ ಒಬ್ಬರಿಗೂ ಸುಳ್ಳು ಹೇಳಿದವನಲ್ಲ ನಾನು, ಈವತ್ತಿಗೂ ಮಾರುಕಟ್ಟೆಯಲ್ಲಿ ಬಂದು ಕೇಳಬಹುದು. ಹೇಳಿದ್ದು ಮನೆಯಲ್ಲಿ ಮಾತ್ರ.

ಮೂವತ್ತಕ್ಕೆ ಆಟ ನಿಂತಿತು. ಲೋಡಿಂಗ್ ಮೇಸ್ತ್ರಿಯಾದೆ, ಸ್ವಂತ ವ್ಯಾಪಾರ ಹಿಡಿದೆ, ಗುಂಡ್ಲುಪೇಟೆಯಲ್ಲೇ ಮನೆ ಮಾಡಿದೆ. ಆದರೆ ಮಂಡಿನೋವು ಆಟದ ಜೊತೆ ನಿಲ್ಲಲಿಲ್ಲ. ಅದೇ ಬ್ಯಾಗಿನ ವೈದ್ಯರಿಂದ ಲಾರಿಯವರ ಕೈಲಿ ಬಿಳಿ ಪುಡಿಯ ಪೊಟ್ಟಣ ತರಿಸಿಕೊಳ್ಳುತ್ತಿದ್ದೆ. ಗಿಡಮೂಲಿಕೆ ಅಂತ ಅವನು ಹೇಳಿದ್ದ. ನಾನು ನಂಬಿದೆ ಅನ್ನುವುದಕ್ಕಿಂತ ನಂಬಲು ಒಪ್ಪಿಕೊಂಡೆ ಅನ್ನುವುದು ಸರಿ. ಪುಡಿ ತಿಂದ ದಿನ ಮಂಡಿನೋವಿಲ್ಲ, ಎರಡು ದಿನ ಬಿಟ್ಟರೆ ಮೈಯೆಲ್ಲ ಮುರಿದ ಹಾಗೆ. ರಾಜಮ್ಮಣ್ಣಿಗೆ, ಕೇರಳದ ಪಂಡಿತರೊಬ್ಬರು ಕೊಡುತ್ತಾರೆ ಅಂದಿದ್ದೆ. ಅವಳೇ ದಿನಾ ಬೆಳಿಗ್ಗೆ ಅದನ್ನು ಜೇನಿನಲ್ಲಿ ಕಲಸಿ ಕೊಡುತ್ತಿದ್ದಳು.

ಆ ಹದಿನಾಲ್ಕು ತಿಂಗಳ ಕೊನೆಗೆ ನನ್ನ ನಡಿಗೆ ಓಲಾಡತೊಡಗಿತು. ಮಾರುಕಟ್ಟೆಯಲ್ಲಿ, "ಏನ್ಲಾ ಮಾದೇವ, ಹೆಜ್ಜೆ ಹಾಕ್ತಿದ್ದೀಯೆ, ಗೆಜ್ಜೆ ಕಟ್ಲಾ?" ಅಂತ ರೇಗಿಸುತ್ತಿದ್ದರು. ನಗುತ್ತಿದ್ದೆ. ಮನೆಯಲ್ಲಿ ಪೂಜೆಗೆ ಚಕ್ಕಂಬಕ್ಕಳ ಹಾಕಿ ಕೂರಲು ಆಗದೆ, ಬಾಗಿಲು ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತು ಮುಗಿಸುತ್ತಿದ್ದೆ. ಒಂದು ದಿನ ಸಿಂಧು ಬಾಗಿಲು ತೆಗೆದಳು. ನೋಡಿದಳು. "ಅಪ್ಪ, ನಾಳೆ ಆಸ್ಪತ್ರೆ" ಅಂದಳು. ಕಾಲೇಜಿಗೆ ಹೋಗುವ ಹುಡುಗಿ, ಆ ದಿನ ಅವಳ ದನಿ ಮಾತ್ರ ನಮ್ಮವ್ವನ ಹಾಗಿತ್ತು. ನಾನು ಎದುರಾಡಲಿಲ್ಲ.

ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಮೂಳೆ ವಿಭಾಗದ ಮುಂದೆ ಉದ್ದನೆಯ ಬೆಂಚು. ಪಟ್ಟಿ ಕಟ್ಟಿದ ಕೈಗಳು, ಊರುಗೋಲುಗಳು, ಎಕ್ಸ್‌ರೇ ಕವರನ್ನು ಬೀಸಣಿಗೆ ಮಾಡಿಕೊಂಡ ಹೆಂಗಸರು. ಆಟ ಆಡುವಾಗ ಕಾಯುವುದು ನನಗೆ ಬರುತ್ತಿರಲಿಲ್ಲ, ಚೆಂಡಿರುವ ಕಡೆ ನುಗ್ಗಿಬಿಡುತ್ತಿದ್ದೆ. ಇಲ್ಲಿ ನುಗ್ಗುವ ಹಾಗಿಲ್ಲ. ಟೋಕನ್ ಹಿಡಿದು ಮೂರು ದಿನ ಬೇರೆ ಬೇರೆ ಬಾಗಿಲ ಮುಂದೆ ಕುಳಿತೆ. ಎಕ್ಸ್‌ರೇ ಆಯಿತು, ಗುಹೆಯಂಥ ಯಂತ್ರದೊಳಗೆ ಮಲಗಿಸಿ ಸ್ಕ್ಯಾನ್ ಆಯಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫಿಲಂ ಬೆಳಕಿಗೆ ಹಿಡಿದು ಹೇಳಿದರು: "ತೊಡೆಮೂಳೆಯ ತುದಿಗೆ ರಕ್ತ ಹೋಗ್ತಿಲ್ಲ. ಬಲಗಡೆದು ಪೂರಾ ಕುಸಿದಿದೆ, ಕೀಲು ಬದಲಾಯಿಸಬೇಕು. ಎಡಗಡೆನೂ ಶುರುವಾಗಿದೆ. ಆದರೆ ಅದಿನ್ನೂ ಕುಸಿದಿಲ್ಲ, ಉಳಿಸೋಕೆ ಪ್ರಯತ್ನ ಮಾಡಬಹುದು."

ಎರಡು ಕಾಲಿನವನು ಒಳಗೆ ಹೋಗಿ ಒಂದೂ ಇಲ್ಲದೆ ಹೊರಗೆ ಬರುತ್ತೇನೇನೋ ಅನ್ನಿಸಿತು.

"ಕುಡಿತೀರಾ?"

ನಾನು ಬಾಯಿ ತೆರೆಯುವ ಮೊದಲೇ ರಾಜಮ್ಮಣ್ಣಿ, "ಅಯ್ಯೋ, ನಮ್ಮವ್ರು ಬೀಡಿನೂ ಮುಟ್ಟಿಲ್ಲ ಡಾಕ್ಟ್ರೇ, ಲಿಂಗ ಕಟ್ಟಿರೋರು" ಅಂದಳು.

"ಹಾಗಾದ್ರೆ ಸ್ಟೀರಾಯ್ಡ್ ಏನಾದ್ರೂ? ನೋವಿಗೆ ಸೂಜಿ, ನಾಟಿ ಪುಡಿ, ಮಾತ್ರೆ? ತುಂಬಾ ದಿನ ತಗೊಂಡಿದ್ರೆ ಹೀಗಾಗುತ್ತೆ. ಕಾರಣ ಗೊತ್ತಾಗದೆ ಎಡಗಡೆದು ಉಳಿಸೋದು ಕಷ್ಟ, ಯಜಮಾನರೇ. ಯೋಚನೆ ಮಾಡಿ ಹೇಳಿ."

ಯೋಚಿಸುವುದು ಏನೂ ಇರಲಿಲ್ಲ. ಆ ಗಳಿಗೆಯಲ್ಲೇ ನನಗೆ ಎಲ್ಲ ಗೊತ್ತಾಯಿತು. ಪುಡಿ ಅಂದರೆ ಯಾರ ಪುಡಿ ಅಂತ ಬರುತ್ತದೆ, ಬ್ಯಾಗಿನವನು ಬರುತ್ತಾನೆ, ಸೂಜಿ ಬರುತ್ತದೆ, ಎಷ್ಟು ವರ್ಷ ಅಂತ ಬರುತ್ತದೆ. ಪಕ್ಕದಲ್ಲಿ ಹೆಂಡತಿ ಕುಳಿತಿದ್ದಾಳೆ.

"ಅಂಥದ್ದು ಏನೂ ಇಲ್ಲ" ಅಂದೆ.

ಬಲಗಾಲಿನ ಆಪರೇಷನ್ನಿಗೆ ಮೂರು ವಾರ ಬಿಟ್ಟು ಬರಲು ಹೇಳಿದರು. ಆ ಮೂರು ವಾರವೂ ಬೆಳಿಗ್ಗೆ ಜೇನು, ಪುಡಿ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ. ನುಂಗಿದೆ. ಒಂದೊಂದು ಸಲ ನುಂಗುವಾಗಲೂ ಎಡತೊಡೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ, ಕೂಸನ್ನು ಸಮಾಧಾನ ಮಾಡುವ ಹಾಗೆ.

ಆಪರೇಷನ್ನಿಗೆ ನಾಲ್ಕು ದಿನ ಇದೆ ಅನ್ನುವಾಗ, ನನ್ನ ಕಾಲಿನ ಸುದ್ದಿ ಕೇಳಿ ಹಂಸ ಗುಂಡ್ಲುಪೇಟೆಗೆ ಬಂದ. ಅವನಿಗೆ ಈಗ ಕೇರಳದ ಬತ್ತೇರಿಯಲ್ಲಿ ತರಕಾರಿ ಅಂಗಡಿ. ಆರೇಳು ವರ್ಷದಿಂದ ಫೋನಿನಲ್ಲೇ ನಮ್ಮ ವ್ಯವಹಾರ, ಮುಖ ನೋಡಿರಲಿಲ್ಲ. ಮಾರುಕಟ್ಟೆಯ ಗೇಟಿನಲ್ಲಿ ಆಟೋ ನಿಂತಿತು. ಮೊದಲು ಒಂದು ಊರುಗೋಲು ಇಳಿಯಿತು, ಆಮೇಲೆ ಇನ್ನೊಂದು, ಅವೆರಡರ ನಡುವೆ ಹಂಸ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವನು ಅವನು.

"ಎಡಾ ಉಳ್ಳೀ, ಹಾಗೆ ನೋಡ್ಬೇಡ" ಅಂದ, ನಕ್ಕ. "ತೊಡೆಕೀಲು ಎರಡೂ ಹೋಯ್ತು. ಮೊದ್ಲು ಒಂದು, ಒಂದು ವರ್ಷ ಬಿಟ್ಟು ಇನ್ನೊಂದು."

"ಡಾಕ್ಟ್ರು ನಿನ್ನನ್ನೂ ಕೇಳಿದ್ರಾ, ಸೂಜಿ ವಿಷ್ಯ?"

"ಕೇಳಿದ್ರು. ನಾನು ಇಲ್ಲ ಅಂದೆ. ಬಾಪ್ಪ ಅಲ್ಲೇ ನಿಂತಿದ್ರು." ಬಾಪ್ಪ ಅಂದರೆ ಅವನ ಅಪ್ಪ. ಊರಿಗೆಲ್ಲ ಮರ್ಯಾದಸ್ಥ ಮನುಷ್ಯ. "ಬಾಪ್ಪನ ಮುಂದೆ ಹೇಳೋದು ಹೇಗೆ ಅಂತ ಸುಮ್ನಿದ್ದೆ. ಪುಡಿ ತಿಂತಾ ಇದ್ದೆ. ಈಗ ಬಾಪ್ಪನೂ ಇಲ್ಲ, ಕಾಲೂ ಇಲ್ಲ. ನೀನು ಹೇಳಿದ್ಯಾ?"

ನಾನು ಎಡತೊಡೆಯ ಮೇಲೆ ಕೈ ಇಟ್ಟುಕೊಂಡೆ. ಹಂಸ ಊರುಗೋಲಿನ ತುದಿಯಿಂದ ನನ್ನ ಎಡಪಾದವನ್ನು ಮೆಲ್ಲಗೆ ತಟ್ಟಿದ.

"ಇದು ಇನ್ನೂ ನಿಂದೇ ಅಲ್ವಾ? ಹೋಗಿ ಹೇಳೋ ಮೋನೇ."

ಆಪರೇಷನ್ನಿಗೆ ದಾಖಲಾಗುವ ದಿನ ಡಾಕ್ಟರ ಮೇಜಿನ ಎದುರು ಕುಳಿತೆ. ರಾಜಮ್ಮಣ್ಣಿಯನ್ನು ಹೊರಗೆ ಕಳಿಸಿ ಹೇಳಬಹುದಿತ್ತು. ಹಾಗೆ ಮಾಡೋಣ ಅಂತಲೇ ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದಿದ್ದೆ. ಆದರೆ ಪುಡಿ ಕಲಸುವವಳು ಅವಳು. ಅವಳಿಗೆ ಗೊತ್ತಿಲ್ಲದೆ ಪುಡಿ ನಿಲ್ಲುವುದು ಹೇಗೆ?

"ಡಾಕ್ಟ್ರೇ, ಆವತ್ತು ನಾನು ಸುಳ್ಳು ಹೇಳ್ಬುಟ್ಟೆ" ಅಂದೆ.

ಸೂಜಿ ಹೇಳಿದೆ, ಪುಡಿ ಹೇಳಿದೆ. ಸೂಜಿ ಎಷ್ಟು ವರ್ಷ ಅಂತ ಕೇಳಿದರು. ಹನ್ನೆರಡು ಸೀಸನ್ ಅಂದೆ. ನನ್ನ ಪಕ್ಕದ ಕುರ್ಚಿ ಕಿರ್ರೆಂದಿತು.

"ಎಂಟಲ್ವಾ?" ಅಂದಳು ರಾಜಮ್ಮಣ್ಣಿ.

"ಅನ್ನೆರಡು."

"ಮಗ ಉಟ್ಟಿದ ಮೇಲೂವಾ?" ನಮ್ಮ ಕಡೆ ಹೆಣ್ಣುಕೂಸನ್ನೂ ಮಗ ಅನ್ನುತ್ತೇವೆ.

"ಊಂ."

ಅವಳು ನನ್ನ ಕಡೆ ತಿರುಗಲಿಲ್ಲ. ತೊಡೆಯ ಮೇಲಿದ್ದ ಬುಟ್ಟಿಗೆ ಕೈ ಹಾಕಿದಳು. ಆಸ್ಪತ್ರೆಯಲ್ಲಿ ಬೇಕಾದೀತು ಅಂತ ಬಟ್ಟೆಯ ಅಡಿಯಲ್ಲಿ ಹುಷಾರಾಗಿ ಇಟ್ಟುಕೊಂಡು ಬಂದಿದ್ದ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ನಾನೇ ಕೊಡ್ತಿದ್ದಿ ಡಾಕ್ಟ್ರೇ. ದಿನಾ ನನ್ನ ಕೈಯಾರ ಕಲ್ಸಿ ಕೊಟ್ಟಿವ್ನಿ. ಇವ್ರ ಕಾಲ ನಾನೇ ತಗದ್ಬುಟ್ನಾ?"

ಆ ಹನ್ನೆರಡು ಸೀಸನ್ನಿನಲ್ಲಿ ನನ್ನ ಮೇಲೆ ಎಷ್ಟೋ ಜನ ಬೂಟುಕಾಲಿನಲ್ಲಿ ಹಾರಿದ್ದಾರೆ. ಅಂಥ ಪೆಟ್ಟು ಯಾವತ್ತೂ ಬಿದ್ದಿರಲಿಲ್ಲ. ತಪ್ಪು ನನ್ನದು, ಹೊತ್ತುಕೊಂಡವಳು ಅವಳು.

ಡಾಕ್ಟರು ಎದ್ದು ಬಂದು ಅವಳ ಹೆಗಲ ಮೇಲೆ ಕೈ ಇಟ್ಟರು. "ಅಮ್ಮಾ, ನೀವು ಔಷಧಿ ಅಂತ ಕೊಟ್ಟಿದ್ದೀರಿ. ಈಗ ಗೊತ್ತಾಯ್ತಲ್ಲ, ಅದೇ ದೊಡ್ಡದು. ಇವತ್ತೇ ಒಂದೇಸಲ ನಿಲ್ಲಿಸೋ ಹಾಗಿಲ್ಲ, ಅದೂ ಅಪಾಯ. ಪುಡಿ ಬದಲು ನಾನು ಮಾತ್ರೆ ಬರೆದು ಸ್ವಲ್ಪ ಸ್ವಲ್ಪವೇ ಇಳಿಸ್ತೀನಿ. ಅದನ್ನ ನೀವೇ ಕೈಯಾರೆ ಕೊಡಿ." ನನ್ನ ಕಡೆ ತಿರುಗಿ, "ಮೂರು ವಾರ ಮುಂಚೆ ಹೇಳಿದ್ರೆ ಇನ್ನೂ ಚೆನ್ನಾಗಿತ್ತು" ಅಂದರು. ಅಷ್ಟೇ ಬೈದದ್ದು. ಇನ್ನೂ ಬೈಯಲಿ ಅಂತ ನಾನೇ ಕಾದೆ.

ಪುಡಿಯ ಕಾರಣಕ್ಕೆ ಕೆಲವು ಪರೀಕ್ಷೆಗಳು ಹೆಚ್ಚಾದವು, ಆಪರೇಷನ್ ಹತ್ತು ದಿನ ಮುಂದೆ ಹೋಯಿತು. ಬಲಗಡೆ ಹೊಸ ಕೀಲು ಕೂರಿಸಿದರು. ಎಡಮೂಳೆಗೆ ಸಣ್ಣ ತೂತು ಕೊರೆದು ಒಳಗಿನ ಒತ್ತಡ ಇಳಿಸಿದರು. "ನಿಂತರೆ ನಿಂತ ಹಾಗೆ, ಒಂದು ವರ್ಷ ನೋಡೋಣ" ಅಂದರು.

ವಾರ್ಡಿನಲ್ಲಿ ನನ್ನ ಪಕ್ಕದ ಮಂಚ ಹರದನಹಳ್ಳಿಯ ಸಿದ್ದಮಲ್ಲಪ್ಪನವರದು. ಎಪ್ಪತ್ತು ದಾಟಿದ ಯಜಮಾನರು, ಮೊಪೆಡ್ಡಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಎರಡನೇ ದಿನವೇ ನನ್ನನ್ನು ವಾಕರ್ ಹಿಡಿಸಿ ನಿಲ್ಲಿಸಿದರು. ಮೂರು ಹೆಜ್ಜೆ ಇಟ್ಟು ಬೆವರಿ ನಿಂತೆ.

"ಏನ್ಲಾ, ಕೇರಳದಲ್ಲಿ ಭಾರೀ ಆಟಗಾರ ಅಂತಿದ್ದೆ, ಬಾಗ್ಲತನಕ ಓಗಕ್ಕಾಯ್ತಿಲ್ವ?" ಅಂದರು ಮಲಗಿದ್ದಲ್ಲಿಂದ.

"ನೀವು ಬನ್ನಿ ಯಜಮಾನ್ರೇ, ಇಬ್ರೂ ಓಗನ."

"ನಾನು ರೆಫ್ರಿ ಕಣ್ಲಾ, ಮಲ್ಗೇ ನೋಡ್ತೀನಿ. ನಡಿ ನಡಿ!"

ವಾರ್ಡೆಲ್ಲ ನಕ್ಕಿತು. ಆ ನಗುವಿನಲ್ಲಿ ಇನ್ನೂ ನಾಲ್ಕು ಹೆಜ್ಜೆ ಇಟ್ಟೆ. ಆಸ್ಪತ್ರೆಯಲ್ಲಿ ದಯೆ ಅನ್ನುವುದು ಹೀಗೆ ಬೈಗುಳದ ವೇಷದಲ್ಲೂ ಬರುತ್ತದೆ.

ರಾಜಮ್ಮಣ್ಣಿ ಮಾತ್ರ ನಗಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದಳು, ಮೈ ಒರೆಸುತ್ತಿದ್ದಳು, ಕಾಲಿಗೆ ದಿಂಬು ಇಡುತ್ತಿದ್ದಳು. ಮಾತಿಲ್ಲ. ಹೇಳಬೇಕಾದ್ದು ಇದ್ದರೆ ಸಿಂಧುಗೆ ಹೇಳುತ್ತಿದ್ದಳು: "ನಿಮ್ಮಪ್ಪಂಗ ಯೋಳು, ಗಂಜಿ ಆರೋಯ್ತದ ಅಂತ." ನಾನು ಎರಡಡಿ ದೂರದಲ್ಲೇ ಮಲಗಿರುತ್ತಿದ್ದೆ.

ಮನೆಗೆ ಬಂದ ಮೇಲೆ ಒಂದು ಚಿಂತೆ ಹತ್ತಿತು. ನೆಲದ ಮೇಲೆ ಕೂರುವಂತಿಲ್ಲ, ಕಾಲು ಮಡಿಸುವಂತಿಲ್ಲ, ಇದು ಕೊನೆಯವರೆಗೂ ಅಂದಿದ್ದರು ಡಾಕ್ಟರು. ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡುವುದೇ? ನಾನು ಅದೇ ಲಿಂಗ ಮುಟ್ಟಿ ಸುಳ್ಳು ಹೇಳಿದವನು ಬೇರೆ. ನಮ್ಮ ಮಠದ ಸ್ವಾಮಿಗಳು ಊರಿಗೆ ಬಂದಾಗ ವಾಕರ್ ತಳ್ಳಿಕೊಂಡು ಹೋಗಿ, "ಬುದ್ಧೀ, ಅಡ್ಡಬಿದ್ದೆ ಅನ್ಕೊಳ್ಳಿ, ಬಗ್ಗಕ್ಕಾಗಲ್ಲ" ಅಂತ ಶುರುಮಾಡಿ ಎಲ್ಲವನ್ನೂ ಒಪ್ಪಿಸಿದೆ. ಕೇಳಿ ಮುಗಿಸಿ ಅವರು ಅಂದರು: "ಲಿಂಗ ಇರದು ಅಂಗೈಲಿ ಕಣಪ್ಪ, ಮಂಡೀಲಲ್ಲ. ಕುರ್ಚಿ ಮೇಲೆ ಕೂತ್ಕ. ಸುಳ್ಳಿನ ವಿಷ್ಯವ ನನ್ನ ಕೇಳಬ್ಯಾಡ, ಅದು ನಿನ್ನ ಹೆಂಡ್ತಿದು."

ಅವಳು ಅದನ್ನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದಳು ಅಂತ ಆಮೇಲೆ ಗೊತ್ತಾಯಿತು. ಮಾರನೆಯ ಬೆಳಿಗ್ಗೆ ಪೂಜೆಗೆ ಕುರ್ಚಿ ತಂದಿಟ್ಟು, ಅಲ್ಲೇ ನಿಂತಳು. ಒಂದೂವರೆ ತಿಂಗಳ ಮೇಲೆ ನೇರವಾಗಿ ನನ್ನನ್ನೇ ಕೇಳಿದಳು:

"ಆ ನಾಕು ವರ್ಷ ಗೆದ್ರಾ, ಸೋತ್ರಾ?"

ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತೆ.

"ಎರಡು ಸಲ ಕಪ್ ಬಂತು."

"ಎರಡೇಯಾ? ನಾಕು ವರ್ಷ ಸುಳ್ಳು ಯೋಳಿ ಬರೀ ಎರಡು ಕಪ್ಪಾ? ಥೂ, ನಿಮ್ಮ ಆಟಕ್ಕಷ್ಟು!"

ಸಿಂಧು ಒಳಗಿನಿಂದ ನಕ್ಕಳು, ಆಮೇಲೆ ಇವಳೂ ನಕ್ಕಳು. ಕ್ಷಮಿಸಿದೆ ಅಂತ ಅವಳು ಈವತ್ತಿನವರೆಗೂ ಹೇಳಿಲ್ಲ. ಆದರೆ ಆ ದಿನದಿಂದ ಗಂಜಿ ಆರುವ ಸುದ್ದಿಯನ್ನು ನನಗೇ ಹೇಳುತ್ತಾಳೆ.

ಪುಡಿ ಬಿಡುವುದು ಆಪರೇಷನ್ನಿಗಿಂತ ಕಷ್ಟವಾಯಿತು. ಕೀಲುಕೀಲು ಹಿಡಿದುಕೊಳ್ಳುತ್ತಿತ್ತು, ಸುಸ್ತು, ಸುಮ್ಮಸುಮ್ಮನೆ ಸಿಟ್ಟು. ಎಡತೊಡೆಯಲ್ಲಿ ಚಳುಕು ಬಂದಾಗಲೆಲ್ಲ ಕುಸಿಯಿತೇನೋ ಅಂತ ಒತ್ತಿ ನೋಡಿಕೊಳ್ಳುತ್ತಿದ್ದೆ. ಮಾರುಕಟ್ಟೆಗೆ ಹೋಗತೊಡಗಿದೆ, ಆದರೆ ಚೀಲ ಮುಟ್ಟಲಿಲ್ಲ. ಮೊದಲು ಯಾರಾದರೂ ಕುರ್ಚಿ ತಂದರೆ ರೇಗುತ್ತಿದ್ದೆ, ಈಗ ಕೂರುತ್ತೇನೆ. ಯಾಕೆ ಹೀಗಾಯಿತು ಅಂತ ಕೇಳಿದವರಿಗೆ ಉಳುಕು ಅನ್ನದೆ ಇದ್ದದ್ದನ್ನು ಹೇಳಿದೆ. ಹೇಳಿದ ವಾರವೇ ಲೋಡಿಂಗಿನ ಇಬ್ಬರು ಮರೆಗೆ ಕರೆದು, "ಅಣ್ಣ, ನಾವೂ ಒಂದು ಪುಡಿ ತಿಂತಿದ್ದೀವಿ" ಅಂದರು. ಅವರನ್ನು ಡಾಕ್ಟರ ಹತ್ತಿರ ಕಳಿಸಿದೆ. ಒಬ್ಬ ಹೋದ.

ಒಂದು ವರ್ಷ ತುಂಬಿದ ಮೇಲೆ ಮತ್ತೆ ಅದೇ ಬೆಂಚು. ಈ ಸಲ ರಾಜಮ್ಮಣ್ಣಿ ನನ್ನ ಎಡಗಡೆಗೇ ಬಂದು ಕುಳಿತಳು. ಒಳಗೆ ಡಾಕ್ಟರು ಹೊಸ ಫಿಲಂ ಹಳೆಯದರ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ನಾನು ಫಿಲಂ ನೋಡದೆ ಅವರ ಮುಖ ನೋಡಿದೆ. ಪೆನಾಲ್ಟಿ ಹೊಡೆಯುವವನ ಮುಖವನ್ನು ಹಾಗೆ ನೋಡುತ್ತಿದ್ದೆ.

"ಎಡಗಡೆದು ನಿಂತಿದೆ. ಕುಸಿದಿಲ್ಲ. ನೋಡಿ, ಗುಂಡಗೆ ಹಾಗೇ ಇದೆ."

"ಓಡ್ಬೋದಾ ಡಾಕ್ಟ್ರೇ?" ಅಂತ ಬಾಯಿಗೆ ಬಂದುಬಿಟ್ಟಿತು.

"ಕೇಳುದ್ರಾ! ಇವ್ರ ಬುದ್ಧಿ ಮಾತ್ರ ಕುಸಿಯಲ್ಲ" ಅಂದಳು ರಾಜಮ್ಮಣ್ಣಿ.

ಡಾಕ್ಟರು ನಕ್ಕರು. "ನಡೀರಿ, ಎಷ್ಟು ಬೇಕಾದ್ರೂ ನಡೀರಿ. ಓಡೋದು, ಹಾರೋದು, ಭಾರ ಎತ್ತೋದು ಬೇಡ. ಇದು ಇನ್ನೂ ಬಹಳ ವರ್ಷ ನಿಮ್ಮ ಜೊತೆ ಬರಬೇಕು."

ಹೊರಗೆ ಬಂದು ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದೆವು. ಗೇಟು ದಾಟುವಷ್ಟರಲ್ಲಿ ಗುಂಡ್ಲುಪೇಟೆ ಬಸ್ಸು ಹಿಂದಕ್ಕೆ ಬಂದು ತಿರುಗುತ್ತಿತ್ತು. ಕಂಡಕ್ಟರು ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡಿ, "ಬತ್ತೀರಾ? ಬೇಗ ಬನ್ನಿ!" ಅಂತ ಕೂಗಿದ. ಅರವತ್ತು ಎಪ್ಪತ್ತು ಹೆಜ್ಜೆ ಇದ್ದೀತು. ಮೈಯೆಲ್ಲ ತಾನಾಗಿಯೇ ಮುಂದಕ್ಕೆ ಬಾಗಿತು, ಎಡಪಾದದ ಹಿಮ್ಮಡಿ ನೆಲ ಬಿಟ್ಟಿತು. ರಾಜಮ್ಮಣ್ಣಿ ನನ್ನ ಕೈ ಹಿಡಿಯಲಿಲ್ಲ, ಬೇಡ ಅನ್ನಲಿಲ್ಲ. ಪಕ್ಕದಲ್ಲಿ ನಿಂತು ನಾನು ಏನು ಮಾಡುತ್ತೇನೆ ಅಂತ ನೋಡುತ್ತಿದ್ದಳು.

ಹಿಮ್ಮಡಿಯನ್ನು ನೆಲಕ್ಕೆ ಇಳಿಸಿದೆ.

"ನೀವು ಓಗಿ ಸಾರ್, ನಾವು ಮುಂದಿಂದ್ರಲ್ಲಿ ಬತ್ತೀವಿ" ಅಂತ ಕೈ ಬೀಸಿದೆ. ಬಸ್ಸು ರಸ್ತೆಗಿಳಿದು ಮರೆಯಾಗುವವರೆಗೂ ಇಬ್ಬರೂ ನೋಡಿದೆವು. ಓಡಿದ್ದರೆ ಹಿಡಿಯಬಹುದಿತ್ತು, ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.